ಒಂದು ಕಡಲು, ನಾಲ್ಕು ಮಕ್ಕಳು: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಸಮಸ್ಯೆ: ‘ನಾವು ಧಾರವಾಡದ ಕಡೆಯವರು, ಪುಣೆಯ ಕೋಥ್ರೂಡಿನಲ್ಲಿ ನೆಲೆಸಿದ್ದೇವೆ. ಮಗಳಿಗೆ ಹದಿನೈದು, ದೊಡ್ಡ ಮಗನಿಗೆ ಹದಿಮೂರು, ಕಿರಿಯವನಿಗೆ ಐದು ವರ್ಷ. ಜೊತೆಗೆ ಮೈದುನನ ಮೂರು ವರ್ಷದ ಮಗಳಿದ್ದಾಳೆ. ದೀಪಾವಳಿ ರಜೆಯಲ್ಲಿ ಎಲ್ಲರೂ ಸೇರಿ, ಮಂಡಿನೋವಿರುವ ಅತ್ತೆಯವರನ್ನೂ ಕರೆದುಕೊಂಡು ಗೋವೆಯ ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ. ಮಗಳು ಬರುವುದಿಲ್ಲ ಎನ್ನುತ್ತಾಳೆ. “ಬಂದರೆ ಚಿಕ್ಕವರನ್ನು ಕಾಯುವುದಕ್ಕೇ ಬರಬೇಕು” ಎಂಬುದು ಅವಳ ಮಾತು. ದೊಡ್ಡ ಮಗನಿಗೆ ಸ್ಕೂಟರ್ ಓಡಿಸಬೇಕು, ಪ್ಯಾರಾಸೇಲಿಂಗ್ ಮಾಡಬೇಕು. ಮನೆಯವರು, ಕುಟುಂಬವೆಂದ ಮೇಲೆ ಎಲ್ಲರೂ ಒಟ್ಟಿಗೇ ಇರಬೇಕೆಂದು ಹಟ ಹಿಡಿದಿದ್ದಾರೆ. ದೊಡ್ಡವರಲ್ಲಿ ಯಾರಿಗೂ ಸರಿಯಾಗಿ ಈಜು ಬಾರದು. ಯಾವ ತೀರಕ್ಕೆ ಹೋಗಬೇಕು, ಎಲ್ಲರನ್ನೂ ಹೇಗೆ ಸಂಭಾಳಿಸಬೇಕು?’

ಬಂದ ಪತ್ರಗಳಲ್ಲಿ ಆಯ್ದವನ್ನು ಇಲ್ಲಿ ಪ್ರಕಟಿಸಿದ್ದೇವೆ.

*

ಮಾನ್ಯ ಸಹೋದರಿಯವರಿಗೆ ನಮಸ್ಕಾರ. ನಿಮ್ಮ ಯಜಮಾನರ ‘ಎಲ್ಲರೂ ಒಟ್ಟಿಗೇ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿರುವ ಉಳಿದ ಪ್ರಶ್ನೆಗಳೆಲ್ಲ ಅದಕ್ಕೇ ತಗಲಿಕೊಂಡಿವೆ. ಮೂರು ವರ್ಷದ ಮಗುವಿಗೆ ಕಡಲೆಂದರೆ ಒದ್ದೆ ಮರಳು ಮತ್ತು ಒಂದು ಪ್ಲಾಸ್ಟಿಕ್ ಬಕೆಟ್ಟು. ಹದಿಮೂರರ ಹುಡುಗನಿಗೆ ಎದೆಮಟ್ಟದ ಅಲೆ ಬೇಕು. ಹದಿನೈದರ ಹುಡುಗಿಗೆ ಬೇಕಾದದ್ದು ‘ಎಲ್ಲಿ ಹೊರಟೆ’ ಎಂದು ಯಾರೂ ಕೇಳದ ಒಂದು ಗಂಟೆ. ಈ ನಾಲ್ವರನ್ನೂ ಒಂದೇ ಹೊತ್ತಿನಲ್ಲಿ ಒಂದೇ ಕೊಡೆಯ ಕೆಳಗೆ ಕೂರಿಸಹೊರಟರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ನಡುವೆ ನೊಗ ಹೊರುವವರು ನೀವೇ ಆಗುತ್ತೀರಿ. ಆದ್ದರಿಂದ ದಿನವನ್ನು ಹಂಚಿಬಿಡಿ. ಬೆಳಗಿನ ಹೊತ್ತು ಚಿಕ್ಕವರದು; ಆಗ ದೊಡ್ಡ ಮಕ್ಕಳು ಬೇಕಾದರೆ ಮಲಗಿರಲಿ. ಹದಿಹರೆಯದವರನ್ನು ರಜೆಯಲ್ಲಿಯೂ ಆರು ಗಂಟೆಗೆ ಎಬ್ಬಿಸುವ ಪಟ್ಟನ್ನು ಸಡಿಲಿಸಿದರೆ ಅರ್ಧ ಜಗಳ ಅಲ್ಲಿಯೇ ತಪ್ಪುತ್ತದೆ. ಚಿಕ್ಕವರು ಊಟ ಮಾಡಿ ಮಲಗಿದ ಮೇಲೆ ತಂದೆಯೋ ತಾಯಿಯೋ ಒಬ್ಬರು ದೊಡ್ಡ ಮಕ್ಕಳ ಜೊತೆ ಹೊರಡಬೇಕು. ಮಧ್ಯಾಹ್ನದ ಊಟಕ್ಕೆ ಮತ್ತು ಸೂರ್ಯಾಸ್ತಕ್ಕೆ ಮಾತ್ರ ಯಾರೂ ತಪ್ಪಿಸಕೂಡದು ಎಂಬ ನಿಯಮವಿರಲಿ. ಒಟ್ಟಿಗಿರುವುದು ಎಂದರೆ ಅಷ್ಟು ಸಾಕು ಎಂದು ನಿಮ್ಮ ಯಜಮಾನರಿಗೆ ನನ್ನ ಪರವಾಗಿಯೂ ಹೇಳಿ.

ತೀರದ ವಿಷಯಕ್ಕೆ ಬಂದರೆ, ನಾನು ದಕ್ಷಿಣ ಗೋವೆಯವನಾದ್ದರಿಂದ ಪಕ್ಷಪಾತ ಇದ್ದೇ ಇದೆ. ಆದರೂ ಕಾಣಕೋಣ ತಾಲ್ಲೂಕಿನ ಪಾಲೋಲೆಂ ತೀರವನ್ನು ಸೂಚಿಸಲು ಕಾರಣ ಬೇರೆ. ಕಲಂಗುಟ್, ಬಾಗಾ ತೀರಗಳಲ್ಲಿ ಹಬ್ಬದ ರಜೆಯ ಜನಜಂಗುಳಿಯಲ್ಲಿ ಐದು ವರ್ಷದ ಮಗು ಹತ್ತು ಹೆಜ್ಜೆ ಅತ್ತ ಸರಿದರೂ ಕಣ್ಮರೆಯಾಗುತ್ತದೆ. ಕೊಲ್ವಾ, ಬೆನಾವ್ಲಿಂ, ವಾರ್ಕಾಗಳ ಕಡೆ ಜನ ಕಡಿಮೆ ಸಿಗಬಹುದು, ಆದರೆ ಅಲ್ಲಿ ಮರಳು ಮೈಲಿಗಟ್ಟಲೆ ನೇರವಾಗಿ ಸಾಗುವುದರಿಂದ ‘ಇಲ್ಲಿಯವರೆಗೆ ಹೋಗಬಹುದು’ ಎಂದು ತೋರಿಸಲು ಗುರುತೇ ಇರುವುದಿಲ್ಲ. ಅಗೋಂದ ಶಾಂತವಾಗಿ ಕಾಣುತ್ತದೆ. ನೀರು ಮಾತ್ರ ಅಷ್ಟು ಶಾಂತವಲ್ಲ. ಪಾಲೋಲೆಂ ಅರ್ಧಚಂದ್ರದ ಹಾಗೆ ಬಾಗಿದ ಕೊಲ್ಲಿ, ಎರಡೂ ತುದಿಗಳಲ್ಲಿ ಬಂಡೆಗಳಿವೆ, ನಡುವೆ ನಿಂತರೆ ಎರಡೂ ತುದಿಗಳು ಕಾಣುತ್ತವೆ. ‘ಈ ಬಂಡೆಯಿಂದ ಆ ಬಂಡೆಯವರೆಗೆ ನೀನು ಸ್ವತಂತ್ರಳು, ಮೊಣಕಾಲಿಗಿಂತ ಮೇಲಿನ ನೀರಿಗೆ ಮಾತ್ರ ಹೇಳದೆ ಇಳಿಯಕೂಡದು’ ಎಂದು ಮಗಳಿಗೆ ಒಮ್ಮೆ ಹೇಳಿಬಿಟ್ಟರೆ ಅವಳಿಗೂ ಗೌರವ, ನಿಮಗೂ ನೆಮ್ಮದಿ. ಅಲೆಯ ಅಬ್ಬರ ಕಡಿಮೆಯಿರುವುದರಿಂದ ದೊಡ್ಡ ಮಗನಿಗೆ ಕಯಾಕ್ ಹುಟ್ಟು ಹಾಕುವುದನ್ನು ಕಲಿಸಬಹುದು, ಲೈಫ್ ಜಾಕೆಟ್ಟಿನ ಎಲ್ಲ ಬಕಲುಗಳನ್ನೂ ಬಿಗಿದ ಮೇಲೆ. ಪ್ಯಾರಾಸೇಲಿಂಗ್ ಉತ್ತರದ ತೀರಗಳಲ್ಲಿ ಹೆಚ್ಚು. ಅದಕ್ಕಾಗಿ ಇಡೀ ಸಂಸಾರವನ್ನು ಅಲ್ಲಿಗೆ ಎಳೆದೊಯ್ಯುವ ಅಗತ್ಯ ನನಗೆ ಕಾಣುವುದಿಲ್ಲ.

ಈಜು ಬಾರದ ಮನೆಯವರು ಜೀವರಕ್ಷಕರಿರುವ ಕಡೆ, ಅವರಿರುವ ಹೊತ್ತಿನಲ್ಲಿ ಮಾತ್ರ ನೀರಿಗಿಳಿಯಬೇಕು. ಗೋವೆಯಲ್ಲಿ 2008ರಿಂದ ಸರ್ಕಾರ ದೃಷ್ಟಿ ಸಂಸ್ಥೆಯ ಮೂಲಕ ಈ ವ್ಯವಸ್ಥೆಯನ್ನು ನಡೆಸುತ್ತಿದ್ದು, ಕಾವಲು ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಇರುತ್ತದೆ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಅವರ ಕಣ್ಣಳತೆಯಲ್ಲಿದೆ ಎಂದರ್ಥ. ಬರಿಯ ಕೆಂಪು ಬಾವುಟವಿದ್ದರೆ ನೀರು ಎಷ್ಟೇ ಮೃದುವಾಗಿ ಕಂಡರೂ ಇಳಿಯಬೇಡಿ. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯದೆ ನೀರು ನಯವಾಗಿ, ತುಸು ಕಪ್ಪಾಗಿ ಕಂಡರೆ, ಹೊಸಬರು ‘ಇಲ್ಲಿ ಅಲೆಯಿಲ್ಲ, ಮಕ್ಕಳಿಗೆ ಒಳ್ಳೆಯದು’ ಎಂದು ಅಲ್ಲಿಗೇ ಹೋಗುತ್ತಾರೆ. ದಂಡೆಗೆ ಬಂದ ನೀರು ಕಡಲಿಗೆ ಮರಳುವ ಸೆಳೆತದ ದಾರಿ ಅದೇ. ಅದರಲ್ಲಿ ಸಿಕ್ಕಿದವರು ದಡದ ಕಡೆಗೆ ನೇರವಾಗಿ ಹೋರಾಡಿದರೆ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು, ಆಗದಿದ್ದರೆ ತೇಲುತ್ತ ಕೈಯೆತ್ತಬೇಕು. ಇದನ್ನು ಇಬ್ಬರು ದೊಡ್ಡ ಮಕ್ಕಳಿಗೆ ಮರಳಿನ ಮೇಲೆ ಗೆರೆ ಎಳೆದು ತೋರಿಸಿ.

ಇನ್ನೊಂದು ಮಾತು. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈಯನ್ನೂ ಬೀಸುವುದಿಲ್ಲ. ಐದಾರು ಮಂದಿ ಹಿರಿಯರು ಕುಳಿತಿದ್ದಾಗಲೇ ಅಪಾಯ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ಕಾವಲಿನ ಸರದಿ ಇದ್ದವರು ಒಂದು ಕೆಂಪು ಟೋಪಿ ಹಾಕಿಕೊಳ್ಳುತ್ತಾರೆ. ಟೋಪಿ ಹಾಕಿಕೊಂಡವರ ಕೈಯಲ್ಲಿ ಮೊಬೈಲ್ ಇರುವಂತಿಲ್ಲ. ಟೋಪಿ ಕೈಬದಲಾಗುವಾಗ ‘ಈಗ ನಿಮ್ಮ ಪಾಳಿ’ ಎಂದು ಬಾಯಿಬಿಟ್ಟು ಹೇಳಿ, ‘ಆಯಿತು’ ಎಂಬ ಉತ್ತರ ಕೇಳಿಸಿಕೊಂಡೇ ಏಳಬೇಕು. ಹದಿನೈದು ವರ್ಷದ ಮಗಳಿಗೆ ಈ ಟೋಪಿಯನ್ನು ಕೊಡಬೇಡಿ. ಗಾಳಿ ತುಂಬುವ ಟ್ಯೂಬು, ಬಾತುಕೋಳಿಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮಳೆಗಾಲ ಕಳೆದ ಮೇಲೆ ಇಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ, ಟ್ಯೂಬಿನಲ್ಲಿ ಕುಳಿತ ಮಗು ನೋಡನೋಡುತ್ತಿದ್ದಂತೆ ದೂರ ಸರಿದುಬಿಡುತ್ತದೆ.

– ಓದುಗರೊಬ್ಬರು, ಮಡಗಾಂವ್

*

ನಿಮ್ಮ ಪತ್ರದಲ್ಲಿ ದೀಪಾವಳಿ ಎಂಬ ಮಾತನ್ನು ಕಂಡು ಬರೆಯುತ್ತಿದ್ದೇನೆ. ದೀಪಾವಳಿ ಎಂದರೆ ಅಮಾವಾಸ್ಯೆ, ಅಮಾವಾಸ್ಯೆ ಎಂದರೆ ಉಬ್ಬರವೂ ಇಳಿತವೂ ದೊಡ್ಡದಾಗಿರುವ ದಿನಗಳು. ಹೋಟೆಲಿನ ದರ ನೋಡುವ ಮೊದಲು ಪಂಚಾಂಗ ನೋಡಿ ಎಂದು ನಾನು ಹೇಳಿದರೆ ನಮ್ಮ ಮನೆಯ ಹುಡುಗರು ನಗುತ್ತಾರೆ, ಆದರೆ ಇದರಲ್ಲಿ ಶಕುನದ ಮಾತೇನೂ ಇಲ್ಲ.

ಕೊಂಕಣ ತೀರದ ಮೀನುಗಾರರಲ್ಲಿ ಹಳೆಯದೊಂದು ಲೆಕ್ಕವಿದೆ. ಶುಕ್ಲಪಕ್ಷವಾಗಲಿ ಕೃಷ್ಣಪಕ್ಷವಾಗಲಿ, ಅಂದಿನ ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಅಷ್ಟಮಿಯ ದಿನ ಎಂಟಕ್ಕೆ ಮುಕ್ಕಾಲು, ಅಂದರೆ ಆರು ಗಂಟೆ. ಚೌತಿಯ ದಿನ ಮೂರು ಗಂಟೆ. ಪಾಡ್ಯದ ದಿನ ಹನ್ನೆರಡೂ ಮುಕ್ಕಾಲು. ಅಲ್ಲಿಂದ ಸುಮಾರು ಆರೂಕಾಲು ಗಂಟೆಗೆ ಇಳಿತ, ಮತ್ತಷ್ಟೇ ಹೊತ್ತಿಗೆ ಇನ್ನೊಂದು ಉಬ್ಬರ. ಲೆಕ್ಕ ಮುಂಬಯಿಗೆ ಸರಿಹೊಂದುತ್ತದೆ. ಗೋವೆಯಲ್ಲಿ ಉಬ್ಬರ ಇದಕ್ಕಿಂತ ಸ್ವಲ್ಪ ಮೊದಲೇ ಆಗುತ್ತದೆ, ನೀರಿನ ಏರಿಳಿತವೂ ಕಡಿಮೆ. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಾಲ್ಕು ಮೀಟರಿಗೂ ಮೀರಿ ಏರಿಳಿಯುವ ನೀರು ಗೋವೆಯಲ್ಲಿ ಎರಡು ಮೀಟರಿನ ಆಜುಬಾಜಿನಲ್ಲಿರುತ್ತದೆ. ನಿಖರವಾದ ವೇಳೆ ಬೇಕಿದ್ದರೆ ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ, ಅಲ್ಲಿಯ ಜೀವರಕ್ಷಕರನ್ನು ಕೇಳಿದರೂ ಹೇಳುತ್ತಾರೆ.

ಇದರಿಂದ ನಿಮಗೇನು ಪ್ರಯೋಜನ ಎಂದರೆ, ಬಲಿಪಾಡ್ಯಮಿಯ ದಿನ ಸಂಜೆ ನಾಲ್ಕಕ್ಕೆ ನೀರು ರಭಸದಿಂದ ಇಳಿಯುತ್ತಿರುತ್ತದೆ, ಇಳಿಯುವ ನೀರಿನಲ್ಲಿ ಸೆಳೆತ ಹೆಚ್ಚು. ದೊಡ್ಡ ಮಕ್ಕಳು ‘ಬಿಸಿಲು ತಗ್ಗಿತು’ ಎಂದು ಹೊರಡುವುದು ಸರಿಯಾಗಿ ಆ ಹೊತ್ತಿಗೇ. ಅಂಥ ದಿನ ಅವರು ಹತ್ತು ಗಂಟೆಯ ಆಸುಪಾಸಿನ ಏರುನೀರಿನಲ್ಲಿ ಆಡಿ ಬರುವುದು ಲೇಸು. ಹೀಗಾಗಿ ಲಕ್ಷ್ಮೀಪೂಜೆ, ಪಾಡ್ಯ, ಭಾವುಬೀಜಗಳನ್ನು ಪುಣೆಯ ಮನೆಯಲ್ಲಿಯೇ ಮುಗಿಸಿ ತದಿಗೆಯ ನಂತರ ಹೊರಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಪಂಚಮಿ, ಷಷ್ಠಿಯ ಹೊತ್ತಿಗೆ ಇಳಿತ ಬೆಳಿಗ್ಗೆ ಒಂಬತ್ತು, ಹತ್ತರ ಸುಮಾರಿಗೆ ಬರುತ್ತದೆ. ಆಗ ಚಿಕ್ಕವರಿಗೆ ವಿಶಾಲವಾದ ಒದ್ದೆ ಮರಳು, ಅಲ್ಲಲ್ಲಿ ನಿಂತ ಪಾದ ಮುಳುಗುವಷ್ಟು ನೀರು, ಅದರಲ್ಲಿ ಓಡಾಡುವ ಏಡಿಮರಿಗಳು. ಸಂಜೆ ನಾಲ್ಕಕ್ಕೆ ನೀರು ತುಂಬಿಕೊಂಡಿರುತ್ತದೆ. ಅಷ್ಟಮಿಯತ್ತ ಹೋದಂತೆಲ್ಲ ಏರಿಳಿತವೂ ತಗ್ಗುತ್ತ ಬರುತ್ತದೆ, ಹಬ್ಬದ ಜನಸಂದಣಿಯೂ ಕರಗುತ್ತದೆ.

ರೈಲಿನ ಬಗ್ಗೆ ಎರಡು ಮಾತು. ಪುಣೆಯಿಂದ ಮಿರಜ್, ಬೆಳಗಾವಿ, ಲೋಂಡಾ ಮಾರ್ಗವಾಗಿ ಮಡಗಾಂವಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ನಿಮಗೆ ಅನುಕೂಲ. ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಆದ್ದರಿಂದ ಹಬ್ಬದ ತಾರೀಖನ್ನು ಹಿಂದಕ್ಕೆ ಎಣಿಸಿ ಅಂದು ಬೆಳಿಗ್ಗೆಯೇ ಕುಳಿತುಕೊಳ್ಳಿ. ಐದು ತುಂಬಿದ ಕಿರಿಯ ಮಗನಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಮೂರು ವರ್ಷದವಳಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ವಿಮಾನದಲ್ಲಿ ಹೋಗುವುದಾದರೆ ದಾಬೋಳಿಯೋ ಮೋಪಾವೋ ಎಂದು ನೋಡಿಕೊಳ್ಳಿ. 2023ರ ಆರಂಭದಿಂದ ವಿಮಾನಗಳು ಇಳಿಯುತ್ತಿರುವ ಮೋಪಾ ರಾಜ್ಯದ ಉತ್ತರದ ಅಂಚಿನಲ್ಲಿದೆ. ಅಲ್ಲಿಳಿದು ದಕ್ಷಿಣದ ತೀರಕ್ಕೆ ಹೊರಟರೆ ಉಳಿಸಿದ ಟಿಕೆಟ್ ಹಣ ಟ್ಯಾಕ್ಸಿಗೆ ಹೋಗುತ್ತದೆ, ಚಿಕ್ಕವರು ದಾರಿಯಲ್ಲೇ ಅಳಲು ಶುರುಮಾಡುತ್ತಾರೆ.

– ನಿವೃತ್ತ ಓದುಗರು, ಮಾಟುಂಗಾ, ಮುಂಬಯಿ

*

ನಾನು ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದೇನೆ. ನನಗೆ ಕನ್ನಡ ಮಾತನಾಡಲು ಬರುತ್ತದೆ, ಬರೆಯಲು ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ನಾನು ಹೇಳಿದ್ದನ್ನು ಅಜ್ಜಿ ತಮ್ಮ ಭಾಷೆಯಲ್ಲಿ ಬರೆದುಕೊಡುತ್ತಿದ್ದಾರೆ.

ಆಂಟಿ, ನಿಮ್ಮ ಮಗಳು ಗೋವೆ ಬೇಡ ಎಂದಿಲ್ಲ, ಚಿಕ್ಕವರನ್ನು ಕಾಯುವ ಕೆಲಸ ಬೇಡ ಎಂದಿದ್ದಾಳೆ. ಅವಳನ್ನು ಕೂರಿಸಿಕೊಂಡು, ದಿನಕ್ಕೆ ಇಂತಿಷ್ಟು ಹೊತ್ತು ಮಾತ್ರ ತಮ್ಮ ತಂಗಿಯರ ಜೊತೆ ಆಡಬೇಕು, ಉಳಿದದ್ದು ನಿನ್ನದು ಎಂದು ಹೊರಡುವ ಮೊದಲೇ ಒಪ್ಪಂದ ಮಾಡಿಕೊಳ್ಳಿ, ಆಮೇಲೆ ನೀವೂ ಅದಕ್ಕೆ ಬದ್ಧರಾಗಿರಿ. ‘ಐದೇ ನಿಮಿಷ ನೋಡಿಕೋ’ ಎಂದು ಹೋದವರು ಎಷ್ಟು ಹೊತ್ತಿಗೆ ಬರುತ್ತಾರೆಂದು ನಮಗೆ ಗೊತ್ತು. ಒಂದು ದಿನದ ಕಾರ್ಯಕ್ರಮವನ್ನು ಪೂರ್ತಿಯಾಗಿ ಅವಳೇ ಹಾಕಲಿ, ಊಟದ ಜಾಗವನ್ನೂ ಅವಳೇ ಆರಿಸಲಿ. ಮಲಗುವಾಗ ಮೂರು ವರ್ಷದ ಮಗುವನ್ನು ಅವಳ ಪಕ್ಕಕ್ಕೆ ಹಾಕಬೇಡಿ. ಈಜುಡುಗೆಯಲ್ಲಿರುವ ಅವಳ ಫೋಟೋಗಳನ್ನು ಅವಳನ್ನು ಕೇಳದೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಬೇಡಿ.

ಹೇಳಲು ಸಂಕೋಚವಾದರೂ ಅಜ್ಜಿ ಬರೆಯಲೇಬೇಕು ಎನ್ನುತ್ತಿದ್ದಾರೆ. ತಾರೀಖು ನಿಶ್ಚಯಿಸುವ ಮೊದಲು ಮಗಳ ಮುಟ್ಟಿನ ದಿನಗಳನ್ನು ಅವಳೊಬ್ಬಳನ್ನೇ ಕೇಳಿ. ಲೆಕ್ಕ ತಪ್ಪಿ ಅಲ್ಲಿಯೇ ಬಂದರೆ, ಅವಳೇಕೆ ನೀರಿಗಿಳಿಯುತ್ತಿಲ್ಲ ಎಂದು ಮನೆಯವರೆಲ್ಲರ ಮುಂದೆ ಯಾರೂ ಪ್ರಶ್ನಿಸದಂತೆ ನೋಡಿಕೊಳ್ಳಿ. ‘ಹೋಗುವುದಿಲ್ಲ’ ಎನ್ನುವ ಎಷ್ಟೋ ಹುಡುಗಿಯರ ಹಿಂದೆ ಇರುವ ಕಾರಣ ಇದೊಂದೇ ಆಗಿರುತ್ತದೆ.

– ವಿದ್ಯಾರ್ಥಿನಿ (ಬರೆದವರು ಅಜ್ಜಿ), ಸಿಂಹಗಡ ರಸ್ತೆ, ಪುಣೆ

*

ನೀವು ಗೋವೆಗೇ ಏಕೆ ಹೋಗಬೇಕೆಂದು ನನಗೆ ಅರ್ಥವಾಗಲಿಲ್ಲ. ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್ ದಾಟಿದರೆ ರಾಯಗಡ ಜಿಲ್ಲೆಯ ಕಡಲತೀರದ ಊರು ದಿವೇಆಗರ ಸಿಗುತ್ತದೆ. ಅಡಿಕೆ, ತೆಂಗಿನ ತೋಟಗಳ ನಡುವಿನ ಮನೆಗಳಲ್ಲಿ ಕೋಣೆ ಕೊಡುತ್ತಾರೆ. ಬಿಸಿ ಅನ್ನ, ಸೋಲಕಡಿ, ಹೇಳಿಟ್ಟರೆ ಉಕಡೀಚೇ ಮೋದಕ. ಮಂಡಿನೋವಿನ ಹಿರಿಯರಿಗೆ ಗೋವೆಯ ಶ್ಯಾಕುಗಳ (ಕಡಲದಂಡೆಯ ಗುಡಿಸಲು ಹೋಟೆಲುಗಳ) ಸಂಗೀತದ ಗದ್ದಲಕ್ಕಿಂತ ಅಂಗಳದ ತೂಗುಮಂಚವೇ ಹಿತವೆನಿಸುತ್ತದೆ. ಊರೊಳಗಿನ ದಾರಿಗಳಲ್ಲಿ ವಾಹನ ಕಡಿಮೆ, ಹದಿಮೂರರ ಮಗ ಸೈಕಲ್ ತುಳಿಯಬಹುದು. ಆದರೆ ಗೋವೆಯಲ್ಲಿರುವಷ್ಟು ಜೀವರಕ್ಷಕರ ವ್ಯವಸ್ಥೆಯನ್ನು ರಾಯಗಡ ಜಿಲ್ಲೆಯ ತೀರಗಳಲ್ಲಿ ನಿರೀಕ್ಷಿಸಬೇಡಿ. ಅದೇ ಜಿಲ್ಲೆಯ ಮುರುಡ್ ತೀರದಲ್ಲಿ 2016ರ ಫೆಬ್ರವರಿಯಲ್ಲಿ ಪುಣೆಯಿಂದ ಪ್ರವಾಸಕ್ಕೆ ಬಂದಿದ್ದ 14 ಕಾಲೇಜು ವಿದ್ಯಾರ್ಥಿಗಳು ಮುಳುಗಿ ಮೃತಪಟ್ಟದ್ದು ನಿಮಗೆ ನೆನಪಿರಬಹುದು. ಅವರು ನಿಮ್ಮ ಮಗಳಿಗಿಂತ ದೊಡ್ಡವರು. ದಿವೇಆಗರಕ್ಕೆ ಹೋದರೆ ನೀರು ಮೊಣಕಾಲಿನವರೆಗೆ ಮಾತ್ರ, ದೊಡ್ಡವರಿಗೂ ಅಷ್ಟೇ.

ಗೋವೆಗೇ ಹೋಗುವುದಾದರೆ ಸ್ಕೂಟರಿನ ವಿಷಯದಲ್ಲಿ ಕರಗಬೇಡಿ. ‘ಇಲ್ಲಿ ಎಲ್ಲರೂ ಓಡಿಸುತ್ತಾರೆ’ ಎಂದು ಮಗ ತೋರಿಸಿಯೇ ತೋರಿಸುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ. ನೀವೇ ಬಾಡಿಗೆಗೆ ಪಡೆಯುವುದಿದ್ದರೂ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ವಾಹನವನ್ನೇ ತೆಗೆದುಕೊಳ್ಳಿ. ಬಿಳಿ ಫಲಕದ್ದು ಅಗ್ಗಕ್ಕೆ ಸಿಕ್ಕರೂ ಅದು ಬಾಡಿಗೆಯ ಪರವಾನಗಿ ಇಲ್ಲದ ಖಾಸಗಿ ಗಾಡಿ.

– ಓದುಗರೊಬ್ಬರು, ಠಾಣೆ

*

ಅಕ್ಕಾ, ಉಳಿದವರು ಕಡಲಿನ ಬಗ್ಗೆ ಬರೆದೇ ಇರುತ್ತಾರೆ. ನಾನು ಆರೈಕೆಯ ಕೆಲಸದಲ್ಲಿರುವವಳಾದ್ದರಿಂದ ಮೈಕೈಯ ಬಗ್ಗೆ ಬರೆಯುತ್ತೇನೆ. ನಾವು ಗದಗಿನ ಕಡೆಯವರು, ಬಹುಕಾಲದಿಂದ ವಾಸ್ಕೋದಲ್ಲಿದ್ದೇವೆ.

ನವೆಂಬರಿನ ಬಿಸಿಲು ಹಿತವಾಗಿದೆ ಎಂದು ಮೋಸಹೋಗಬೇಡಿ. ಹನ್ನೊಂದರಿಂದ ಮೂರೂವರೆಯವರೆಗೆ ಚಿಕ್ಕವರು ಒಳಗಿರಲಿ. ಉದ್ದ ತೋಳಿನ ಹತ್ತಿಯ ಅಂಗಿ ಒದ್ದೆಯಾದರೆ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ, ಆದ್ದರಿಂದ ಈಜುಡುಗೆಯ ಬಟ್ಟೆಯಲ್ಲೇ ಮಾಡಿದ ತೋಳಿನ ಅಂಗಿ ಕೊಳ್ಳಿ. ಸನ್‌ಸ್ಕ್ರೀನ್ ಅನ್ನು ನೀರಿನಿಂದ ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಕಿವಿಯ ಹಿಂಭಾಗ ಮತ್ತು ಪಾದದ ಮೇಲ್ಭಾಗವನ್ನು ಎಲ್ಲರೂ ಮರೆಯುತ್ತಾರೆ, ರಾತ್ರಿ ಮಗು ಅಳುವುದು ಅಲ್ಲಿನ ಉರಿಗೇ. ಉಪ್ಪುನೀರಿನಲ್ಲಿ ನೆನೆದ ಚಡ್ಡಿಯಲ್ಲೇ ಹೊತ್ತುಗಟ್ಟಲೆ ಕುಳಿತ ಮಕ್ಕಳಿಗೆ ತೊಡೆಸಂದು ಕೆಂಪಾಗಿ ಮರುದಿನ ನಡೆಯಲಾಗುವುದಿಲ್ಲ. ಒಂದು ಬಾಟಲಿ ಸಿಹಿನೀರು, ಒಣ ಚಡ್ಡಿ, ಸ್ವಲ್ಪ ಕೊಬ್ಬರಿ ಎಣ್ಣೆ ಚೀಲದಲ್ಲಿದ್ದರೆ ಈ ತೊಂದರೆ ಇಲ್ಲ.

ಜೆಲ್ಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಸುರಿಯಬೇಡಿ, ಮರಳು ಹಚ್ಚಬೇಡಿ. ಕಡಲಿನ ನೀರಿನಲ್ಲೇ ತೊಳೆದು ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ತೆಗೆದು, ಜೀವರಕ್ಷಕರ ಗೋಪುರಕ್ಕೆ ಕರೆದೊಯ್ಯಿರಿ. ಸಹಿಸುವಷ್ಟು ಬಿಸಿಯ ನೀರಿನಲ್ಲಿ ಕುಟುಕಿದ ಭಾಗವನ್ನು ಇಪ್ಪತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿಕೊಂಡರೆ ಕಾಯದೆ 108ಕ್ಕೆ ಕರೆ ಮಾಡಿ. ನೀರು ಕುಡಿದು ಮೇಲೆ ಬಂದ ಮಗು ಆಟವಾಡುತ್ತಿದ್ದರೂ, ನಂತರ ಕೆಮ್ಮು ನಿಲ್ಲದಿದ್ದರೆ ಅಥವಾ ವಿಪರೀತ ಮಂಕಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಅತ್ತೆಯವರಿಗೆ ನೆಲಮಹಡಿಯ ಕೋಣೆಯನ್ನೇ ಕೇಳಿ, ಕಮೋಡ್ ಇದೆಯೇ ಎಂದು ದೂರವಾಣಿಯಲ್ಲಿ ವಿಚಾರಿಸಿ. ಮರದ ಗುಡಿಸಲುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ, ಮೆಟ್ಟಿಲು ಮಾತ್ರ ಏಣಿಯಷ್ಟೇ ಕಡಿದಾಗಿರುತ್ತದೆ. ಅವರೂ ರಜೆಗೆಂದೇ ಬರುತ್ತಿದ್ದಾರೆ, ಚಿಕ್ಕವರನ್ನು ಅವರ ಬಳಿ ಬಿಟ್ಟು ಎಲ್ಲರೂ ನೀರಿಗೆ ಹೋಗುವ ಪದ್ಧತಿ ಬೇಡ. ಬೇಕಾದರೆ ಒಂದು ಮಧ್ಯಾಹ್ನ ಕಡಲನ್ನು ಬಿಟ್ಟು ನಮ್ಮ ಕಡೆಗೆ ಬನ್ನಿ. ದಾಬೋಳಿ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿರುವ ನೌಕಾ ವಿಮಾನ ವಸ್ತುಸಂಗ್ರಹಾಲಯದ ಬಯಲಿನಲ್ಲಿ ಸೀ ಹ್ಯಾರಿಯರ್, ಸೀ ಹಾಕ್, ನಾಲ್ಕು ಎಂಜಿನ್ನಿನ ಸೂಪರ್ ಕಾನ್‌ಸ್ಟೆಲೇಶನ್ ಮುಂತಾದ ನಿಜವಾದ ವಿಮಾನಗಳನ್ನೇ ನಿಲ್ಲಿಸಿದ್ದಾರೆ. ಹದಿಮೂರರವನೂ ಐದರವನೂ ಜಗಳವಿಲ್ಲದೆ ಒಂದೇ ಕಡೆ ನಿಲ್ಲುವ ಜಾಗ ನನಗೆ ತಿಳಿದ ಮಟ್ಟಿಗೆ ಅದೊಂದೇ. ಸೋಮವಾರ ಮಾತ್ರ ಬರಬೇಡಿ, ಅಂದು ಅದಕ್ಕೆ ರಜೆ.

– ಓದುಗಿಯೊಬ್ಬರು, ವಾಸ್ಕೋ